ಮೂರು ಕಿಲೋಮೀಟರಿಗೂ ಕಾರು ಬೇಕೇ?

ಪ್ರಶ್ನೆ (ಕದ್ರಿ)
ಮಾನ್ಯರೇ, ಮಂಗಳೂರಿನ ಕದ್ರಿಯ ನನ್ನ ಮನೆಯಿಂದ ಹಂಪನಕಟ್ಟೆಯ ಕಚೇರಿಗೆ ಮೂರು ಕಿಲೋಮೀಟರಿನೊಳಗಿನ ದಾರಿ. 2021ರಲ್ಲಿ ಕೊಂಡ ಡೀಸೆಲ್ ಕಾರನ್ನು ದಿನವೂ ಅಷ್ಟಕ್ಕೇ ಓಡಿಸುತ್ತಿದ್ದೇನೆ. ಕದ್ರಿ ಪಾರ್ಕಿಗೆ ವಾಕಿಂಗ್ ಹೋಗುವುದೂ ಕಾರಿನಲ್ಲಿಯೇ ಎಂದು ಮನೆಯವಳು ನಗುತ್ತಾಳೆ. ಈಗ ಡಿಪಿಎಫ್ (ಹೊಗೆಯ ಮಸಿ ಹಿಡಿಯುವ ಫಿಲ್ಟರ್) ಎಚ್ಚರಿಕೆಯ ದೀಪ ಪದೇ ಪದೇ ಹೊತ್ತಿಕೊಳ್ಳುತ್ತಿದೆ. ಹೈವೇಯಲ್ಲಿ ಓಡಿಸಿ ಎಂದು ಮೆಕ್ಯಾನಿಕ್ ಹೇಳಿದ್ದರಿಂದ, ಯಾವ ಕೆಲಸವೂ ಇಲ್ಲದೆ ಎರಡು ಭಾನುವಾರ ಉಡುಪಿಗೆ ಹೋಗಿ ಬಂದೆ. ಇದನ್ನು ಮಾರಿ ಪೆಟ್ರೋಲ್ ಕಾರು ಕೊಳ್ಳಲೇ, ಅಥವಾ ಅಭ್ಯಾಸವನ್ನೇ ಬದಲಿಸಲೇ? ಹತ್ತು ವರ್ಷಗಳ ಹಿಂದಾಗಿದ್ದರೆ ಎರಡನೆಯ ಪ್ರಶ್ನೆ ನನಗೆ ಹೊಳೆಯುತ್ತಲೇ ಇರಲಿಲ್ಲ.

ಉತ್ತರ (ಸುರತ್ಕಲ್)
2020ರ ಏಪ್ರಿಲ್‌ನಲ್ಲಿ ವಾಹನಗಳ ಹೊಗೆಗೆ ಮಿತಿ ಹಾಕುವ ಬಿಎಸ್6 ನಿಯಮ ಕಡ್ಡಾಯವಾದ ಮೇಲೆ ಬಂದ ಡೀಸೆಲ್ ಕಾರುಗಳಲ್ಲಿ ಮಸಿಯನ್ನು ಹಿಡಿದಿಡುವ ಈ ಫಿಲ್ಟರ್ ಇರುತ್ತದೆ. ಆ ಮಸಿ ಉರಿದುಹೋಗಲು ಹೊಗೆಯ ಶಾಖ ಸುಮಾರು 600 ಡಿಗ್ರಿಗೆ ಏರಿ ಕೆಲಹೊತ್ತು ಹಾಗೆಯೇ ನಿಲ್ಲಬೇಕು. ನಿಮ್ಮ ಎಂಜಿನ್ ಸರಿಯಾಗಿ ಬಿಸಿಯಾಗುವ ಮೊದಲೇ ಹಂಪನಕಟ್ಟೆ ಬಂದಿರುತ್ತದೆ. ಉರಿಯುವ ಕೆಲಸ ಮತ್ತೆ ಮತ್ತೆ ಅರ್ಧಕ್ಕೆ ನಿಂತರೆ ಡೀಸೆಲ್ಲು ಎಂಜಿನ್ನಿನ ಆಯಿಲಿಗೆ ಇಳಿದು ಅದರ ಮಟ್ಟ ಏರುವುದುಂಟು, ಆದ್ದರಿಂದ ಆಯಿಲ್ ಮಟ್ಟವನ್ನೂ ನೋಡಿಸಿ. ತಣ್ಣಗಿನ ಪೆಟ್ರೋಲ್ ಎಂಜಿನ್ ಕೂಡ ಹೆಚ್ಚು ಇಂಧನ ಕುಡಿಯುತ್ತದೆ, ಹೊಗೆಯ ವಿಷಾನಿಲ ತಗ್ಗಿಸುವ ಅದರ ಕ್ಯಾಟಲಿಟಿಕ್ ಕನ್ವರ್ಟರ್ ಬಿಸಿಯಾಗದೆ ಕೆಲಸ ಮಾಡುವುದಿಲ್ಲ. ಅಲ್ಲಿ ದೀಪ ಹೊತ್ತುವುದಿಲ್ಲ, ಅಷ್ಟೇ.

ಉತ್ತರ (ಬಿಜೈ)
ನಾನು ಕಚೇರಿಗೆ ಬಸ್ಸು ಹಿಡಿಯತೊಡಗಿದಾಗ "ಕಾರು ಕೆಟ್ಟಿದೆಯಾ?" ಎಂದು ಕೇಳಿದವರೇ ಈಗ ಪಾರ್ಕಿಂಗ್ ಸಿಗದೆ ಪೇಚಾಡುತ್ತಾರೆ. ಶಕ್ತಿ ಯೋಜನೆಯ ಉಚಿತ ಪ್ರಯಾಣ ಸರಕಾರಿ ಬಸ್ಸಿಗೆ ಮಾತ್ರ. ನಮ್ಮ ನಗರದೊಳಗೆ ಓಡುವುದು ಬಹುಪಾಲು ಖಾಸಗಿ ಬಸ್ಸು, ಹಾಗಾಗಿ ಟಿಕೆಟಿನ ಹಣ ಕೊಟ್ಟೇ ಹೋಗುತ್ತೇನೆ. ಕಂಡಕ್ಟರರ "ದುಂಬು ಪೋಲೆ" (ತುಳುವಿನಲ್ಲಿ 'ಮುಂದೆ ಹೋಗಿ') ಅಭ್ಯಾಸವಾಗಿದೆ, ಬ್ರೇಕು ಹಾಕುವ ರೀತಿ ಇನ್ನೂ ಆಗಿಲ್ಲ.

ಉತ್ತರ (ದೇರಳಕಟ್ಟೆ)
ಎಲ್ಲರಿಗೂ ಇದು ಸಾಧ್ಯವೆಂದು ದಯವಿಟ್ಟು ಬರೆಯಬೇಡಿ. ಆಷಾಢದ ಮಳೆಯಲ್ಲಿ ಮಂಡಿನೋವಿನ ಅಮ್ಮನನ್ನು ಬಸ್ಸಿಗೆ ಹತ್ತಿಸುವುದು ನನ್ನಿಂದಾಗದು. ಆದರೆ ಒಬ್ಬನೇ ಹೋಗುವಾಗ ಕಾರು ತೆಗೆಯುವುದನ್ನು ನಾನೂ ಬಿಟ್ಟಿದ್ದೇನೆ.

ಪ್ರಶ್ನೆ ಕೇಳಿದವರು
ಸೋಮವಾರ ಮಲ್ಲಿಕಟ್ಟೆ, ಜ್ಯೋತಿ ದಾರಿಯಾಗಿ ನಡೆದೇ ಹೋದೆ. ಸಂಜೆ ಬಸ್ಸಿನಲ್ಲಿ ಬಂದೆ. ಕಾರನ್ನು ಮಾರುವುದಿಲ್ಲ, ಕಾರ್ಕಳದ ಮಾವನ ಮನೆಗೆ ಹೇಗೂ ಬೇಕು. ಆಯಿಲ್ ಮಟ್ಟ ನೋಡಿಸಿದೆ, ಗುರುತಿಗಿಂತ ಮೇಲೆಯೇ ಇತ್ತು.