ನ್ಯುಮೋನಿಯಾಕ್ಕೆ ಸ್ಟೀರಾಯ್ಡ್: ವಿರೋಧಾಭಾಸ ಅಲ್ಲವೇ?

ಪ್ರಶ್ನೆ: ನಮ್ಮ ದೇಹದ ಸ್ಟೀರಾಯ್ಡ್ ಹಾರ್ಮೋನ್ ಕಾರ್ಟಿಸಾಲ್ ರೋಗನಿರೋಧಕ ಶಕ್ತಿ ತಗ್ಗಿಸುತ್ತದೆ ಅಂತೀವಿ. ಹಾಗಿದ್ದರೆ ತೀವ್ರ ನ್ಯುಮೋನಿಯಾದಲ್ಲಿ ಅದೇ ಕಾರ್ಟಿಸಾಲ್‌ನ ಔಷಧ ರೂಪವಾದ ಹೈಡ್ರೋಕಾರ್ಟಿಸೋನ್ ಯಾಕೆ?

ಉತ್ತರ 1: ಆ ಹಂತದಲ್ಲಿ ಶ್ವಾಸಕೋಶ ಕೆಡಿಸುವುದರಲ್ಲಿ ನಮ್ಮದೇ ಉರಿಯೂತದ ಪಾಲೂ ದೊಡ್ಡದು. ಸ್ಟೀರಾಯ್ಡ್ ಉರಿಯೂತ ಹೆಚ್ಚಿಸುವ ಪ್ರೋಟೀನ್‌ಗಳಾದ ಐಎಲ್-6, ಟಿಎನ್‌ಎಫ್ ಉತ್ಪತ್ತಿ ಇಳಿಸುತ್ತದೆ. 2023ರಲ್ಲಿ ಪ್ರಕಟವಾದ ಫ್ರಾನ್ಸ್‌ನ ಪ್ರಯೋಗದಲ್ಲಿ ಶುರುವಿಗೆ ದಿನಕ್ಕೆ 200 ಮಿ.ಗ್ರಾಂ ಹೈಡ್ರೋಕಾರ್ಟಿಸೋನ್ ಕೊಟ್ಟರು, 28ನೇ ದಿನಕ್ಕೆ ಸಾವು ಶೇ. 6.2, ಪ್ಲಾಸಿಬೊ (ಔಷಧವಿಲ್ಲದ ಹುಸಿಮದ್ದು) ಗುಂಪಿನಲ್ಲಿ ಶೇ. 11.9. ಆದರೆ ಅವರೆಲ್ಲ ಐಸಿಯು ರೋಗಿಗಳು, ಇನ್‌ಫ್ಲುಯೆಂಜಾ ಇದ್ದವರನ್ನು ಸೇರಿಸಿಕೊಂಡಿರಲಿಲ್ಲ. ವಾರ್ಡಿನ ಪ್ರತಿ ಕೆಮ್ಮಿಗೂ ಇದನ್ನು ಎಳೆದು ತರಬೇಡಿ.

ಉತ್ತರ 2: ಕೋವಿಡ್‌ನಲ್ಲೂ ಅಷ್ಟೇ. ಡೆಕ್ಸಾಮೆಥಸೋನ್ ಎಂಬ ಸ್ಟೀರಾಯ್ಡ್ 6 ಮಿ.ಗ್ರಾಂ ಆಮ್ಲಜನಕ ಬೇಕಾದವರಿಗೆ ನೆರವಾಯಿತು, ಬೇಡದವರಿಗೆ ಇಲ್ಲ.

ಉತ್ತರ 3: ಸ್ಟೀರಾಯ್ಡ್ ಕೊಟ್ಟಾಗ ರಕ್ತದ ಸಕ್ಕರೆ ಏರುತ್ತದೆ, ಗಮನಿಸಿ. ಬಿಳಿರಕ್ತಕಣ ಹೆಚ್ಚಿತೆಂಬ ಒಂದೇ ಕಾರಣಕ್ಕೆ ಆಂಟಿಬಯಾಟಿಕ್ ಬದಲಿಸಬೇಡಿ. ಸ್ಟೀರಾಯ್ಡ್ ರಕ್ತನಾಳದ ಗೋಡೆಗಂಟಿದ, ಬಿಳಿರಕ್ತಕಣದ ಒಂದು ಬಗೆಯಾದ ನ್ಯೂಟ್ರೋಫಿಲ್‌ಗಳನ್ನು ಬಿಡಿಸಿ ಎಣಿಕೆ ಏರಿಸುತ್ತದೆ. ಜ್ವರವೂ ಮರೆಯಾಗುವುದರಿಂದ ಹೊಸ ಸೋಂಕು ತಡವಾಗಿ ಸಿಗುತ್ತದೆ.