ಪದಚರ್ಚೆ: ಲ್ಯಾಬಿನ ‘ಕಲ್ಚರ್’ಗೆ ಕನ್ನಡದಲ್ಲಿ ಏನು?

ಸಿಂಧನೂರಿನಿಂದ:
ಎಲ್ಲರಿಗೂ ನಮಸ್ಕಾರ. ರಾಯಚೂರಿನ ಒಂದು ಕಾಲೇಜಿನ ವಸ್ತುಪ್ರದರ್ಶನಕ್ಕೆ ಲ್ಯಾಬ್ ಪರೀಕ್ಷೆಗಳ ಚರಿತ್ರೆ ಬರೆದುಕೊಡುತ್ತಿದ್ದೇನೆ. ನಾಳೆ ಸಂಜೆ ಫ್ಲೆಕ್ಸ್ ಪ್ರಿಂಟಿಗೆ ಹೋಗಬೇಕು. 1882ರಲ್ಲಿ ರಾಬರ್ಟ್ ಕಾಕ್ ಕ್ಷಯದ ರೋಗಾಣು ತೋರಿಸಿದ್ದು, 1901ರಲ್ಲಿ ಲ್ಯಾಂಡ್‌ಸ್ಟೈನರ್ ರಕ್ತದ ಗುಂಪು ಗುರುತಿಸಿದ್ದು, ಎಲ್ಲ ಸಲೀಸಾಗಿ ಮುಗಿಯಿತು. ಸಿಕ್ಕಿಕೊಂಡಿದ್ದು ‘ಕಲ್ಚರ್’ನಲ್ಲಿ. ಕಫ, ಮೂತ್ರ ಹಾಕಿ ರೋಗಾಣು ಬೆಳೆಸುತ್ತಾರಲ್ಲ, ಅದು. ಮೊಬೈಲನ್ನು ಕೇಳಿದರೆ ‘ಕಫ ಸಂಸ್ಕೃತಿ’ ಅಂತು! ಬೇಗ ಹೇಳಿ.

ಗಂಗಾವತಿಯಿಂದ:
ಹೆಪ್ಪು. ಅನುಮಾನವೇ ಬೇಡ. ರಾತ್ರಿ ಹಾಲಿಗೆ ಹೆಪ್ಪು ಹಾಕಿದರೆ ಬೆಳಗಾಗುವಷ್ಟರಲ್ಲಿ ಬೆಳೆಯುವುದೂ ಬ್ಯಾಕ್ಟೀರಿಯಾನೇ ಅಲ್ವಾ? ಅಚ್ಚಗನ್ನಡ ಪದ. ‘ಸಂವರ್ಧನೆ’ ಅಂತ ದಯವಿಟ್ಟು ಯಾರೂ ಶುರು ಮಾಡಬೇಡಿ.

ಸಿರುಗುಪ್ಪದಿಂದ:
ಆಗಲ್ಲ. ನಾನು ದಿನಾ ಲ್ಯಾಬಿನಲ್ಲೇ ಕೂರುವವನು. ‘ರಕ್ತದ ಹೆಪ್ಪು’ ಅಂತ ಓದಿದರೆ ರಕ್ತ ಹೆಪ್ಪುಗಟ್ಟಿದೆ ಅಂತಲೇ ಜನ ತಿಳಿಯುವುದು. ಬ್ಲಡ್ ಕಲ್ಚರ್ ಬಾಟಲಿಯಲ್ಲಿ ಹೆಪ್ಪುಗಟ್ಟದಿರಲಿ ಅಂತಲೇ ಔಷಧಿ ಹಾಕಿರುತ್ತಾರೆ! ‘ಕಲ್ಚರ್’ ಅಂತಲೇ ಇಡಿ. ಚೀಟಿ ಹಿಡಿದು ಬರುವ ಅಜ್ಜಿಯೂ ‘ಕಲ್ಚರ್ ರಿಪೋರ್ಟ್ ಬಂತೇನ್ರೀ’ ಅಂತಲೇ ಕೇಳುತ್ತಾರೆ.

ಗಂಗಾವತಿಯಿಂದ:
ಹಾಗಾದರೆ ಈ ಬಳಗ ಯಾಕೆ ಬೇಕು? ಎಲ್ಲದಕ್ಕೂ ಇಂಗ್ಲಿಷ್ ಅಂಟಿಸಿ ಸುಮ್ನಿದ್ದರಾಯಿತು.

ಸಿರುಗುಪ್ಪದಿಂದ:
ರೋಗಾಣು ಬೆಳೆಸಲು ಹಾಕುವ ಅಗರ್, ಅಂದರೆ ಕಡಲಪಾಚಿಯಿಂದ ತೆಗೆದ ಜೆಲ್ಲಿಯಂಥ ವಸ್ತು, ಆ ಹೆಸರು ಯಾವ ಭಾಷೆಯದು ಸರ್? ಮಲಯ. ಕಾಕ್ ಮೊದಲು ಬೇಯಿಸಿದ ಆಲೂಗಡ್ಡೆ ಹೋಳಿನ ಮೇಲೆ ಬೆಳೆಸಿದರು, ಆಮೇಲೆ ಜೆಲಟಿನ್ ಹಿಡಿದರು. ಅದು ಮೈ ಬಿಸಿಯಷ್ಟು ಕಾವಿಗೇ ನೀರಾಗುತ್ತಿತ್ತು. ನಮ್ಮ ಬಳ್ಳಾರಿ ಬಿಸಿಲಿಗಂತೂ ಕೇಳಲೇಬೇಡಿ. ಅವರ ಲ್ಯಾಬಿನಲ್ಲಿದ್ದ ಹೆಸ್ಸೆಯ ಹೆಂಡತಿ ಫ್ಯಾನಿ ಅಡುಗೆಗೆ ಅಗರ್ ಬಳಸುತ್ತಿದ್ದರು. ಇದನ್ನು ಹಾಕಿ ನೋಡಿ ಅಂದವರು ಅವರೇ. ಜರ್ಮನ್ನರು ಸಾಮಾನಿನ ಜೊತೆ ಹೆಸರನ್ನೂ ತಗೊಂಡರು. ಅವರ ಭಾಷೆ ಏನೂ ಕೆಡಲಿಲ್ಲ.

ಕುಷ್ಟಗಿಯಿಂದ:
ಹೋಲಿಕೆ ತಪ್ಪು. ಅಗರ್ ವಸ್ತು, ಕಲ್ಚರ್ ಕೆಲಸ. ಕೆಲಸಕ್ಕೆ ನಮ್ಮಲ್ಲಿ ಕ್ರಿಯಾಪದ ಇದೆ. ‘ರೋಗಾಣು ಬೆಳೆಸಿ ನೋಡುವ ಪರೀಕ್ಷೆ’ ಅನ್ನಿ.

ಗಂಗಾವತಿಯಿಂದ:
ಅದು ಪದವಲ್ಲ, ವಿವರಣೆ. ‘ಹೆಪ್ಪು’ವಿನಲ್ಲಿ ಎರಡೇ ಅಕ್ಷರ.

ಸಿಂಧನೂರಿನಿಂದ:
ಫ್ಲೆಕ್ಸ್‌ನವರು ಫೋನ್ ಮೇಲೆ ಫೋನ್ ಮಾಡುತ್ತಿದ್ದಾರೆ. ಮೇಲೆ ದಪ್ಪಕ್ಷರದಲ್ಲಿ ‘ಕಲ್ಚರ್’, ಕೆಳಗೆ ಕುಷ್ಟಗಿಯವರ ಸಾಲು ಹಾಕುತ್ತೇನೆ. ರೋಗಾಣು ಬೆಳೆಸುವ ಮುಚ್ಚಳದ ತಟ್ಟೆ ಇದೆಯಲ್ಲ, ಅದರ 1887ರ ಫಲಕಕ್ಕೆ ‘ಪೆಟ್ರಿ ತಟ್ಟೆ’ ಅಂತ ಬರೆದಿದ್ದೇನೆ. ತಕರಾರಿದ್ದರೆ ಬೆಳಿಗ್ಗೆಯೊಳಗೆ ತಿಳಿಸಿ.