ಸುರಂಗದ ಮೇಲಿನ ಮನೆ: ನಮ್ಮ ಕುಟುಂಬದ ಗುಂಪಿನ ಒಂದು ಚರ್ಚೆ

ಚಿಕ್ಕಪ್ಪ: ಕೋಲ್ಕತ್ತದ ಬೌಬಜಾರಿನಲ್ಲಿ ಮೆಟ್ರೊ ಸುರಂಗ ಕೊರೆಯುವಾಗ ಮನೆಗಳು ಕುಸಿದ ವಿಡಿಯೊ ಹಾಕಿದ್ದೇನೆ, ಎಲ್ಲರೂ ನೋಡಿ. ಹೆಬ್ಬಾಳದಿಂದ ಸಿಲ್ಕ್ ಬೋರ್ಡ್‌ವರೆಗೆ ಸುರಂಗ ರಸ್ತೆ ಮಾಡಹೊರಟವರಿಗೆ ಇದು ಕಾಣುವುದಿಲ್ಲವೇ? ನಮ್ಮ ಹಳೆಯ ಮನೆಯದು ಮಣ್ಣಿನ ಗಾರೆಯ ಗೋಡೆ. ಕೆಳಗೆ ಆ ಯಂತ್ರ ಹಾದರೆ ಅದು ನಿಲ್ಲುವುದಿಲ್ಲ.

ನಾನು: ಚಿಕ್ಕಪ್ಪ, ವಿಡಿಯೊ ನಿಜವೇ. ಆದರೆ ಯಂತ್ರದ ಅದುರುವಿಕೆಯಿಂದ ಮನೆ ಬಿತ್ತು ಎಂದು ಅದರ ಕೆಳಗೆ ಬರೆದಿರುವುದು ತಪ್ಪು. 2019ರ ಆಗಸ್ಟ್ 31ರಂದು ಅಲ್ಲಿ ಸುರಂಗ ಕೊರೆಯುವ ಯಂತ್ರ (ಟಿಬಿಎಂ) ಅಂತರ್ಜಲದ ಪದರವನ್ನು ತಾಗಿತು. ಒಳನುಗ್ಗಿದ ನೀರು ಮಣ್ಣನ್ನೂ ಹೊತ್ತು ತಂದದ್ದರಿಂದ ಪಾಯಗಳ ಕೆಳಗಿನ ನೆಲವೇ ಜಾರಿತು. ಎಲ್ಲ ಸುರಂಗಗಳ ಮೇಲೂ ಆಗುವ ಇಳಿತ ಬೇರೆಯದು. ಯಂತ್ರ ಕೊರೆಯುವ ರಂಧ್ರವು ಹಿಂದೆ ಜೋಡಿಸುವ ಕಾಂಕ್ರೀಟ್ ರಿಂಗಿಗಿಂತ ತುಸು ದೊಡ್ಡದಾಗಿರುತ್ತದೆ. ಆ ಸಂದಿಗೆ ಗ್ರೌಟ್, ಅಂದರೆ ಸಿಮೆಂಟಿನ ತೆಳು ಗಾರೆ, ತುಂಬುವಷ್ಟರಲ್ಲಿ ಸುತ್ತಲಿನ ಮಣ್ಣು ಅಷ್ಟಿಷ್ಟು ಒಳಸರಿದು, ಮೇಲಿನ ನೆಲ ತಟ್ಟೆಯ ಹಾಗೆ ತಗ್ಗುತ್ತದೆ. ನೆಲದ ಇಳಿತವನ್ನು ಅಂದಾಜಿಸಲು ಇಂಜಿನಿಯರ್ ರಾಲ್ಫ್ ಪೆಕ್ 1969ರಲ್ಲಿ ಮುಂದಿಟ್ಟ ವಿಧಾನದಂತೆ, 6.4 ಮೀಟರ್ ವ್ಯಾಸದ ಸುರಂಗ ಜೇಡಿಮಣ್ಣಿನಲ್ಲಿ 15 ಮೀಟರ್ ಆಳದಲ್ಲಿ ಸಾಗಿ, ಶೇ 1ರಷ್ಟು ಮಣ್ಣು ಹೆಚ್ಚಾಗಿ ಹೊರಬಂದರೆ, ನಡುಮಧ್ಯದಲ್ಲಿ ನೆಲ ಇಳಿಯುವುದು ಸುಮಾರು 17 ಮಿಲಿಮೀಟರ್.

ಚಿಕ್ಕಪ್ಪ: ನೀನು ಇಂಜಿನಿಯರ್, ಲೆಕ್ಕ ಸರಿಯಾಗಿಯೇ ಇರಬಹುದು. ಆದರೆ ಅದು ಮೆಟ್ರೊ ಗಾತ್ರದ ಲೆಕ್ಕ. ಮೂರು ಲೇನಿನ ರಸ್ತೆಗೆ ಆ ಗಾತ್ರ ಸಾಕೇ?

ನಾನು: ಸಾಲದು, ಈ ಮಾತನ್ನು ಒಪ್ಪುತ್ತೇನೆ. ವ್ಯಾಸ ಎರಡರಷ್ಟಾದರೆ ಹೊರತೆಗೆಯುವ ಮಣ್ಣು ನಾಲ್ಕರಷ್ಟಾಗುತ್ತದೆ, ಆಳ ಹೆಚ್ಚಿಸದಿದ್ದರೆ ಇಳಿತವೂ ಅದೇ ಪ್ರಮಾಣದಲ್ಲಿ ಏರುತ್ತದೆ. ಬೆಂಗಳೂರಿನ ನೆಲದಲ್ಲಿ ಇನ್ನೊಂದು ತೊಡಕಿದೆ: ಕೆಳಗೆ ಗಟ್ಟಿ ಬಂಡೆ, ಮೇಲೆ ಶಿಥಿಲ ಮಣ್ಣು ಒಟ್ಟಿಗೆ ಎದುರಾದಾಗ, ಯಂತ್ರ ಬಂಡೆಯನ್ನು ನಿಧಾನವಾಗಿ ತೇಯುತ್ತಿರುವಾಗಲೇ ಮೇಲಿನ ಮಣ್ಣು ಅಗತ್ಯಕ್ಕಿಂತ ಹೆಚ್ಚು ಒಳಬರುತ್ತದೆ. ನನಗೆ ನಿಜವಾಗಿ ಭಯವಿರುವುದು ಅಲ್ಲಿ.

ಅತ್ತೆ: ಹಾಗಾದರೆ ಮನೆ ಬೀಳುತ್ತದೆಯೋ ಇಲ್ಲವೋ, ಅದನ್ನು ಹೇಳಮ್ಮ.

ನಾನು: ಅತ್ತೆ, ಮನೆ ಇಡಿಯಾಗಿ ಸಮನಾಗಿ ಇಳಿದರೆ ಗೋಡೆಗೆ ಹೆಚ್ಚಿನ ತೊಂದರೆಯಿಲ್ಲ, ಒಂದು ಮೂಲೆ ಇಳಿದು ಇನ್ನೊಂದು ನಿಂತಲ್ಲೇ ನಿಂತರೆ ಗೋಡೆ ಸೀಳುತ್ತದೆ. ಆಗ ನಡುಮನೆಯ ಬಾಗಿಲು ಚೌಕಟ್ಟಿಗೆ ಉಜ್ಜತೊಡಗುತ್ತದೆ, ಚಿಲಕ ತೂತಿಗೆ ಕೂರುವುದಿಲ್ಲ, ಕಿಟಕಿಯ ಮೂಲೆಯಿಂದ ಓರೆಯಾಗಿ ಬಿರುಕು ಹೊರಡುತ್ತದೆ. ಹಾಗಾಗಿ ಕೆಲಸ ಶುರುವಾಗುವ ಮೊದಲೇ ಈಗಿರುವ ಪ್ರತಿ ಬಿರುಕಿನ ಫೋಟೊ ತೆಗೆದು, ತುದಿಯಲ್ಲಿ ಪೆನ್ಸಿಲಿನಿಂದ ಗೆರೆ ಎಳೆದು ದಿನಾಂಕ ಬರೆದಿಡೋಣ. ನಮ್ಮ ಎದುರಿನಲ್ಲೇ ಮನೆಯ ಸಮೀಕ್ಷೆ ನಡೆದು ವರದಿಯ ಪ್ರತಿ ನಮಗೂ ಸಿಗಬೇಕೆಂದು ಲಿಖಿತವಾಗಿ ಕೇಳೋಣ. ಮುಚ್ಚಿಹೋದ ಬಾವಿ, ಕೊಳವೆಬಾವಿಗಳನ್ನೂ ಅದರಲ್ಲಿ ಗುರುತಿಸಲೇಬೇಕು. ಅವುಗಳ ಸಡಿಲ ಮಣ್ಣು ಸುರಂಗದೊಳಕ್ಕೆ ಇಳಿದರೆ ಮೇಲೆ ಒಮ್ಮೆಲೇ ಗುಂಡಿ ಬೀಳಬಹುದು.

ಚಿಕ್ಕಪ್ಪ: ಹಿತ್ತಲಿನ ಬಾವಿಯನ್ನು ಅಪ್ಪ ಮುಚ್ಚಿಸಿದಾಗ ನಾನು ಜೊತೆಗಿದ್ದೆ. ಈಗ ಅದರ ಮೇಲೆ ಬಚ್ಚಲಿದೆ. ಯಾವ ಕಾಗದದಲ್ಲೂ ಆ ಬಾವಿ ಇಲ್ಲ. ಭಾನುವಾರ ಟೇಪು ತೆಗೆದುಕೊಂಡು ಬಾ, ಜಾಗ ತೋರಿಸುತ್ತೇನೆ.